ಆದಿತ್ಯವಾರವೋ ಸೋಮವಾರವೋ

ಗದಗ ಜಿಲ್ಲೆಯ ಒಂದು ಊರಲ್ಲಿ ಹನುಮಪ್ಪನ ಗುಡಿಯ ಮಗ್ಗುಲಿಗೆ ಒಂದು ಕಲ್ಲು ನಿಂತಿದೆ. ಆಳೆತ್ತರದ ಕಲ್ಲು. ಕೆಳಗಿನ ಕಾಲು ಭಾಗ ಮಣ್ಣಲ್ಲಿ ಹೂತಿದೆ. ತಲೆಯ ಹತ್ತಿರ ನಡುವೆ ಲಿಂಗ, ಒಂದು ಬದಿ ಆಕಳು ಕರು, ಮೇಲೆ ಸೂರ್ಯ ಚಂದ್ರ. ಅದರ ಕೆಳಗೆ ಸಾಲು ಸಾಲು ಅಕ್ಷರ. ಊರವರು ಯುಗಾದಿಗೆ ಗುಡಿಗೆ ಸುಣ್ಣ ಹೊಡೆಯುವಾಗ ಭಕ್ತಿಯಿಂದ ಕಲ್ಲಿಗೂ ಒಂದು ಕೈ ಎಳೆದುಬಿಡುತ್ತಾರೆ. ಎಷ್ಟು ಯುಗಾದಿಯ ಸುಣ್ಣವೋ ಏನೋ, ನಾವು ಹೋದಾಗ ಅಕ್ಷರದ ಕುಳಿಗಳೆಲ್ಲ ತುಂಬಿ ಕಲ್ಲು ದೋಸೆ ಹಿಟ್ಟು ಬಳಿದಂತೆ ಕಾಣುತ್ತಿತ್ತು.

ನಾವು ಎಂದರೆ ನಾನು ಮತ್ತು ನಮ್ಮ ಕಾಕಾ. ಕಾಕಾ ಗದಗಿನ ಒಂದು ಹೈಸ್ಕೂಲಿನಲ್ಲಿ ಕನ್ನಡ ಮಾಸ್ತರರಾಗಿದ್ದು ನಿವೃತ್ತರಾದವರು. ಪಿಎಚ್‌ಡಿ ಮಾಡಿಲ್ಲ. ಯಾವ ಸಂಸ್ಥೆಯೂ ಅವರಿಗೆ ಒಂದು ರೂಪಾಯಿ ಕೊಟ್ಟಿಲ್ಲ. ಮೊದಲು ಒಂದು ಲೂನಾ ಇತ್ತು, ಅದರ ಮುಂದೆ ಒಂದು ಬಕೆಟ್, ಬಕೆಟ್ಟಿನಲ್ಲಿ ಎರಡು ಬ್ರಷ್, ಮಸಿ ಡಬ್ಬಿ, ಸುತ್ತಿದ ಕಾಗದ. ರವಿವಾರ ಬಂತೆಂದರೆ ಯಾವುದೋ ಊರಿನ ಕಲ್ಲು. ಕಾಕೂ ಬೈಯುತ್ತಿದ್ದರು, "ಊರಾಗಿನ ಕಲ್ಲಿಗೆಲ್ಲಾ ಸ್ನಾನಾ ಮಾಡಸ್ತಾರ, ಮನ್ಯಾಗಿನ ಟಾಕಿ ತೊಳಿ ಅಂದ್ರ ಕಿವಿ ಕೇಳೂದಿಲ್ಲ."

ನಾನು ಹುಬ್ಬಳ್ಳಿಯಲ್ಲಿ ಪಿಯು ಹುಡುಗರಿಗೆ ಫಿಸಿಕ್ಸ್ ಕಲಿಸುತ್ತೇನೆ. ಧಾರವಾಡದಲ್ಲಿ ಎಂಎಸ್ಸಿ ಮಾಡುವಾಗ ಎರಡು ವರ್ಷ ಕನ್ನಡ ಅಧ್ಯಯನ ಪೀಠದ ಮುಂದೆಯೇ ಓಡಾಡಿದ್ದೇನೆ, ಒಂದು ದಿನ ಒಳಗೆ ಹೋಗಿರಲಿಲ್ಲ. ಏನಿದೆ ಅಲ್ಲಿ ಅಂತ ಕೇಳಿದವಳೂ ಅಲ್ಲ. ಶಾಸನ ಅಂದರೆ ನನಗೆ ಹತ್ತನೇ ಕ್ಲಾಸಿನ ಮೂರು ಮಾರ್ಕಿನ ಪ್ರಶ್ನೆ, ಅಷ್ಟೇ. ಆವತ್ತು ಹೋಗಿದ್ದು ಸುಮ್ನೆ, ಕಾಕಾನಿಗೆ ಮೊಣಕಾಲು ನೋವು, ಗಾಡಿ ಹೊಡೆಯಲು ಯಾರಾದರೂ ಬೇಕಿತ್ತು ಎಂದು.

ಸುಣ್ಣ ಬಿಡಿಸಲಿಕ್ಕೇ ಎರಡು ತಾಸು ಹಿಡಿಯಿತು. ನೀರು ಹೊಡೆಯುವುದು, ನೆನೆಯಲು ಬಿಡುವುದು, ತೆಂಗಿನ ನಾರಿನಿಂದ ತಿಕ್ಕುವುದು. ಕಬ್ಬಿಣದ್ದು ಏನೂ ಮುಟ್ಟಿಸುವಂತಿಲ್ಲ. ಆಮೇಲೆ ಒದ್ದೆ ಕಾಗದವನ್ನು ಕಲ್ಲಿಗೆ ಅಂಟಿಸಿ ಬ್ರಷ್ಷಿನ ತುದಿಯಿಂದ ಟಪ ಟಪ ಬಡಿಯುತ್ತ ಹೋಗಬೇಕು. ಕಾಗದ ನಿಧಾನಕ್ಕೆ ಅಕ್ಷರದ ಕುಳಿಗಳ ಒಳಗೆ ಇಳಿಯುತ್ತದೆ. ಜೋರಾಗಿ ಬಡಿದರೆ ಹರಿಯುತ್ತದೆ, ಮೆಲ್ಲಗೆ ಬಡಿದರೆ ಕೂರುವುದಿಲ್ಲ. ಅರ್ಧ ಒಣಗಿದ ಮೇಲೆ ಬಟ್ಟೆಯ ಉಂಡೆಯನ್ನು ಮಸಿಯಲ್ಲಿ ಅದ್ದಿ ಮೇಲ್ಮೇಲೆ ಒತ್ತಬೇಕು. ಕಲ್ಲಿನ ಮೈಯೆಲ್ಲ ಕಪ್ಪಾಗುತ್ತದೆ, ಕುಳಿಯಲ್ಲಿ ಇಳಿದ ಅಕ್ಷರ ಮಾತ್ರ ಬಿಳಿಯಾಗಿ ಉಳಿಯುತ್ತದೆ. ಇದೇ ಪಡಿಯಚ್ಚು. ಒಂದು ಕ್ಷಣದ ಹಿಂದೆ ಬರೀ ಗುದ್ದು ಗೀರು ಅನ್ನಿಸಿದ್ದು ಕಣ್ಣೆದುರಿಗೇ ಸಾಲಾಗಿ ಎದ್ದು ಬರುತ್ತದೆ. ಡಾರ್ಕ್‌ರೂಮಿನಲ್ಲಿ ಫೋಟೋ ಮೂಡುವುದನ್ನು ನೋಡಿದವರಿಗೆ ಆ ಖುಷಿ ಗೊತ್ತಿರುತ್ತದೆ.

ಕಾಕಾ ನಿಂತಲ್ಲೇ ಓದಿದರು. ಹನ್ನೊಂದನೆಯ ಶತಮಾನದ ದಾನಶಾಸನ. ದೇವರಿಗೆ ಇಷ್ಟು ಮತ್ತರು ಎರೆಯ ಕೆಯ್ ಬಿಟ್ಟರು ಎಂದು. ಮತ್ತರು ಅಂದರೆ ಆಗಿನ ಭೂಮಿಯ ಅಳತೆ, ಕೆಯ್ ಅಂದರೆ ಹೊಲ, ಎರೆ ಅಂದರೆ ನಮ್ಮ ಎರಿ ಭೂಮಿಯೇ. ನಡುವೆ ಶಕವರ್ಷ, ಸಂವತ್ಸರದ ಹೆಸರು, ತಿಂಗಳು, ಅಮಾವಾಸ್ಯೆ, ಆದಿತ್ಯವಾರ, ಸೂರ್ಯಗ್ರಹಣ. ಕಡೆಗೆ, ಈ ನೆಲವನ್ನು ಕಿತ್ತುಕೊಂಡವನು ವಾರಣಾಸಿಯಲ್ಲಿ ಸಾವಿರ ಕವಿಲೆ ಆಕಳುಗಳನ್ನು ಕೊಂದ ಪಾಪಕ್ಕೆ ಹೋಗಲಿ ಎಂಬ ಶಾಪ.

"ನೀ ಫಿಜಿಕ್ಸ್ ಓದಿದಾಕಿ" ಎಂದರು ಕಾಕಾ, ಮಸಿ ಕೈ ಒರೆಸಿಕೊಳ್ಳುತ್ತ. "ಈ ಅಮಾಸಿ ಯಾವತ್ತು ಬಿದ್ದಿತ್ತು, ತಗದ ಕೊಡು ನೋಡೂಣು."

ಇಲ್ಲಿ ಸ್ವಲ್ಪ ನಿಂತು ಹೇಳಬೇಕು. ಶಾಸನದ ತಾರೀಖು ಓದುವುದರಲ್ಲಿ ಒಂದು ಮಜಾ ಇದೆ. ಲಕ್ಕುಂಡಿಯನ್ನೇ ತೆಗೆದುಕೊಳ್ಳಿ. ಅತ್ತಿಮಬ್ಬೆ ಅಲ್ಲಿ ಬಸದಿ ಕಟ್ಟಿಸಿದ್ದು ಶಕ 929, ಪ್ಲವಂಗ ಸಂವತ್ಸರ. ಶಕಕ್ಕೆ 78 ಕೂಡಿಸಿದರೆ 1007. ಈಗ ಇನ್ನೊಂದು ದಾರಿಯಿಂದ ಬನ್ನಿ. 1987ರ ಯುಗಾದಿಗೆ ಪ್ರಭವ ಸಂವತ್ಸರ ಶುರುವಾಯಿತು. ಸಂವತ್ಸರದ ಹೆಸರು ಇರುವುದೇ ಅರವತ್ತು, ಅವೇ ತಿರುಗಿ ಬರುತ್ತವೆ. ಹಾಗೆ ಅರವತ್ತು ಅರವತ್ತು ವರ್ಷ ಹಿಂದಕ್ಕೆ ಹೋದರೆ 967ರಲ್ಲೂ ಪ್ರಭವವೇ. ಅಲ್ಲಿಂದ ಎಣಿಸಿ ನಲವತ್ತೊಂದನೆಯದಕ್ಕೆ ಬಂದರೆ 1007, ಹೆಸರು ಪ್ಲವಂಗ. ಎರಡೂ ದಾರಿ ಒಂದೇ ಮನೆಗೆ ಬಂದವು. ಸಾವಿರ ವರ್ಷದಲ್ಲಿ ಯಾರೂ ಎಣಿಕೆ ತಪ್ಪಿಸಿಲ್ಲ. ನನಗೆ ಇದು ಗೊತ್ತಾದ ದಿನ ಮೈ ಜುಮ್ ಅಂದಿತ್ತು. ನಮ್ಮ ಮನೆಯ ಗೋಡೆಗೆ ತೂಗುಹಾಕಿದ ಕ್ಯಾಲೆಂಡರ್ ಮತ್ತು ಲಕ್ಕುಂಡಿಯ ಕಲ್ಲು ಒಂದೇ ದಾರದ ಎರಡು ಗಂಟು.

ವರ್ಷ ಸಿಕ್ಕರೆ ಸಾಲದು, ದಿನ ಬೇಕು. ತಿಥಿ ಚಂದ್ರನ ಲೆಕ್ಕ, ವಾರ ಏಳರ ಲೆಕ್ಕ. ಒಂದಕ್ಕೊಂದು ಸಂಬಂಧ ಇಲ್ಲ. ಅದಕ್ಕೇ ಅವೆರಡೂ ಕೂಡಿ ಬಂದರೆ ನಂಬಬಹುದು. ಸುಳ್ಳು ಶಾಸನ ಕೆತ್ತಿಸಿದವರೂ ಇದ್ದರಲ್ಲ, ಅಂಥ ಕಡೆ ವಾರ ಅನೇಕ ಸಲ ಕೈಕೊಡುತ್ತದೆ. ಮೇಲೆ ಗ್ರಹಣವೂ ಇದ್ದರೆ ಬೀಗದ ಮೇಲೆ ಬೀಗ.

ಕಾಕಾ ಗ್ರಂಥಾಲಯದಲ್ಲಿ ಸ್ವಾಮಿಕಣ್ಣು ಪಿಳ್ಳೈ ಅವರ ಪಂಚಾಂಗ ಕೋಷ್ಟಕ ತೆಗೆಸಿ ನೋಡುತ್ತಾರೆ. ಕ್ರಿ.ಶ. 700ರಿಂದ 1799ರವರೆಗಿನ ಲೆಕ್ಕ, ದಪ್ಪ ದಪ್ಪ ಸಂಪುಟ. ನಾನು ಆ ಪುಸ್ತಕ ಬೇಡ ಎಂದೆ. ಮೊಬೈಲಿನಲ್ಲಿ ನಾಸಾದ ಗ್ರಹಣಗಳ ಪಟ್ಟಿ ಇದೆ, ಹತ್ತು ನಿಮಿಷ ಸಾಕು. ಆ ವರ್ಷದ ಸೂರ್ಯಗ್ರಹಣ ಸಿಕ್ಕಿತು. ತಾರೀಖು ಸಿಕ್ಕಿತು. ಯಾವ ವಾರ ಎಂದು ಕಂಪ್ಯೂಟರಿಗೆ ಕೇಳಿದೆ. ಸೋಮವಾರ ಅಂದಿತು.

"ಕಾಕಾ, ಶಾಸನ ಬರೆದವನು ತಪ್ಪು ಮಾಡ್ಯಾನ" ಎಂದು ಫೋನು ಮಾಡಿದೆ. ಎಷ್ಟು ಖುಷಿಯಿಂದ ಹೇಳಿದೆ ಎಂದು ನೆನೆಸಿಕೊಂಡರೆ ಈಗಲೂ ನಾಚಿಕೆ.

ಕಾಕಾ ವಾದ ಮಾಡಲಿಲ್ಲ. "ಇರಬಹುದವ್ವಾ. ಆದ್ರ ಅಂವಾ ಆವತ್ತು ಅಲ್ಲೇ ಇದ್ದ. ನೀ ಇರಲಿಲ್ಲ" ಎಂದು ಫೋನಿಟ್ಟರು.

ನಾಲ್ಕು ದಿನ ಆ ಮಾತು ಕೊರೆಯಿತು. ಐದನೇ ದಿನ ಪರೀಕ್ಷೆ ಪೇಪರು ತಿದ್ದುವಾಗ ಹೊಳೆಯಿತು. ನಾಸಾ ಪಟ್ಟಿಯಲ್ಲಿ 1582ಕ್ಕಿಂತ ಹಿಂದಿನ ತಾರೀಖುಗಳು ಹಳೆಯ ಜೂಲಿಯನ್ ಕ್ಯಾಲೆಂಡರಿನವು. ಆ ವರ್ಷ ಪೋಪ್ ಗ್ರೆಗರಿ ಹತ್ತು ದಿನ ಕತ್ತರಿಸಿ ಅಕ್ಟೋಬರ್ 4ರ ಮರುದಿನವೇ 15 ಮಾಡಿದ. ನನ್ನ ಕಂಪ್ಯೂಟರಿಗೆ ಇದೆಲ್ಲ ಗೊತ್ತಿಲ್ಲ. ಅದು ಹೊಸ ಕ್ಯಾಲೆಂಡರನ್ನೇ ಸಾವಿರ ವರ್ಷ ಹಿಂದಕ್ಕೂ ಎಳೆಯುತ್ತದೆ. ಹನ್ನೊಂದನೇ ಶತಮಾನದಲ್ಲಿ ಎರಡರ ನಡುವೆ ಆರು ದಿನದ ಅಂತರ. ಆರು ದಿನ ಹಿಂದೆ ಹೋದರೆ ವಾರ ಒಂದು ಮುಂದೆ ಬಿದ್ದಂತೆ ಕಾಣುತ್ತದೆ. ಆದಿತ್ಯವಾರ ಸೋಮವಾರವಾಗುತ್ತದೆ. ಕಲ್ಲು ಕೆತ್ತಿದವನು ಸರಿ. ಎಂಎಸ್ಸಿ ಫಸ್ಟ್ ಕ್ಲಾಸು ತಪ್ಪು.

ಕಾಕಾನಿಗೆ ಹೇಳಿದೆ. ಅವರು ಅಷ್ಟರಲ್ಲಾಗಲೇ ಪಿಳ್ಳೈ ಪುಸ್ತಕ ನೋಡಿ ಬಂದಿದ್ದರು. ಹೇಳಿರಲಿಲ್ಲ ಅಷ್ಟೇ. ಮಾಸ್ತರರಲ್ಲವೇ, ಹುಡುಗರೇ ಉತ್ತರ ತೆಗೆಯಲಿ ಎಂದು ಕಾಯುವ ಚಟ.

ಹಾಗೆ ಶುರುವಾಯಿತು ನನ್ನ ಈ ಹುಚ್ಚು. ಹುಡುಕುತ್ತ ಹೋದಂತೆ ಶಂಕರ ಬಾಳಕೃಷ್ಣ ದೀಕ್ಷಿತ ಎಂಬುವವರು ಸಿಕ್ಕರು. ಹಳೇ ಮುಂಬಯಿ ಪ್ರಾಂತದಲ್ಲಿ ಶಾಲಾ ಮಾಸ್ತರರು. ಹುಟ್ಟಿದ್ದು 1853, ತೀರಿಕೊಂಡಿದ್ದು 1898, ನಲವತ್ತೈದೂ ತುಂಬದ ಬಾಳು. ಅದೇ ಕಾಲಕ್ಕೆ ಜಾನ್ ಫೇಯ್ತ್‌ಫುಲ್ ಫ್ಲೀಟ್ ಎಂಬ ಸಿವಿಲ್ ಅಧಿಕಾರಿ ನಮ್ಮ ಸೀಮೆಯಲ್ಲಿ ಕೆಲಸ ಮಾಡುತ್ತ ಊರೂರಿನ ಶಾಸನ ಓದುತ್ತಿದ್ದ. ಸಂಗೊಳ್ಳಿ ರಾಯಣ್ಣನ ಲಾವಣಿಯನ್ನು ಬರೆದುಕೊಂಡು ಅಚ್ಚು ಹಾಕಿಸಿದವನೂ ಇವನೇ. ಗುಪ್ತರ ಶಕೆ ಯಾವ ವರ್ಷದಿಂದ ಎಂದು ವಿದ್ವಾಂಸರಲ್ಲಿ ದೊಡ್ಡ ಜಗಳ ನಡೆದಿತ್ತು. ಫ್ಲೀಟ್‌ಗೆ ಅಕ್ಷರ ಬರುತ್ತಿತ್ತು, ಆಕಾಶ ಬರುತ್ತಿರಲಿಲ್ಲ. ದೀಕ್ಷಿತರಿಗೆ ಆಕಾಶ ಬರುತ್ತಿತ್ತು. ಶಾಸನದಲ್ಲಿದ್ದ ತಿಥಿ ವಾರಗಳನ್ನು ದೀಕ್ಷಿತರು ಲೆಕ್ಕ ಹಾಕಿ ಕೊಟ್ಟರು, ಕ್ರಿ.ಶ. 319-20ರ ಲೆಕ್ಕ ಗಟ್ಟಿಯಾಯಿತು. 1888ರಲ್ಲಿ ಬಂದ ಫ್ಲೀಟನ ಗುಪ್ತ ಶಾಸನಗಳ ಸಂಪುಟದಲ್ಲಿ ದೀಕ್ಷಿತರ ಲೆಕ್ಕವೂ ಇದೆ. ಒಬ್ಬ ಸಾಹೇಬ, ಒಬ್ಬ ಶಾಲಾ ಮಾಸ್ತರ. ಒಬ್ಬ ಬಿಟ್ಟು ಇನ್ನೊಬ್ಬನಿಂದ ಆಗುವ ಕೆಲಸ ಅಲ್ಲ ಅದು.

ಈಗ ಅದನ್ನೇ ಮಾಡಲು ಹೋದರೆ ಏನಾಗುತ್ತದೆ ಕೇಳಿ. ಗದಗ ಭಾಗದ ಶಾಸನಗಳಲ್ಲಿ ಬರುವ ಗ್ರಹಣಗಳನ್ನೆಲ್ಲ ಒಂದೆಡೆ ಪಟ್ಟಿ ಮಾಡಿ, ನಿಜವಾಗಿ ಇಲ್ಲಿ ಕಂಡವೆಷ್ಟು, ಬರೀ ಪಂಚಾಂಗ ನೋಡಿ ಬರೆದವೆಷ್ಟು ಎಂದು ತೂಗಿ ನೋಡುವ ಆಸೆ ನನಗೆ. ಯಾಕೆಂದರೆ ಎಷ್ಟೋ ಶಾಸನಗಳ ಗ್ರಹಣ ನಮ್ಮ ನಾಡಿನ ಆಕಾಶದಲ್ಲಿ ಕಂಡೇ ಇಲ್ಲ. ಜೋಯಿಸರ ಲೆಕ್ಕದಲ್ಲಿತ್ತು, ದಾನ ಕೊಟ್ಟರು, ಮುಗಿಯಿತು. ಇದು ಗೊತ್ತಾದರೆ ಆ ಕಾಲದ ಗಣಿತ ಎಷ್ಟು ನಿಖರವಾಗಿತ್ತು ಎಂಬುದೂ ಗೊತ್ತಾಗುತ್ತದೆ. ಸಣ್ಣದೊಂದು ಧನಸಹಾಯಕ್ಕೆ ಅರ್ಜಿ ಹಾಕಿದೆವು. ಫಾರಂನಲ್ಲಿ ವಿಷಯ ಎಂಬ ಕಡೆ ಎರಡು ಚೌಕ. ವಿಜ್ಞಾನ, ಕಲೆ. ಒಂದಕ್ಕೆ ಮಾತ್ರ ಟಿಕ್ ಹಾಕಬೇಕು. ನಾನು ಎರಡಕ್ಕೂ ಹಾಕಿದೆ. ಅರ್ಜಿ ವಾಪಸ್ ಬಂತು. ವಿಜ್ಞಾನಕ್ಕೆ ಹಾಕಿ ಕಳಿಸಿದೆ, ಇದು ಇತಿಹಾಸ ಅಂದರು. ಕಲೆಗೆ ಹಾಕಿ ಕಳಿಸಿದೆ, ಅರ್ಜಿದಾರರಿಗೆ ಸಂಬಂಧಪಟ್ಟ ಪದವಿ ಇಲ್ಲ ಅಂದರು. ಮೂರನೇ ಸಲ ಕಾಕಾ ಹೆಸರಲ್ಲಿ ಹಾಕೋಣ ಎಂದರೆ ವಯಸ್ಸು ಮೀರಿದೆ. ಯಾವ ಆಫೀಸು ಎಂದು ಹೇಳುವುದಿಲ್ಲ. ಹೇಳಿದರೂ ಫರಕು ಬೀಳುವುದಿಲ್ಲ, ಎಲ್ಲ ಕಡೆ ಅದೇ ಫಾರಂ.

ಏಷ್ಯಾದ ಬೇರೆ ಕಡೆ ಹಳೇ ಬರಹದಿಂದ ಏನೆಲ್ಲ ತೆಗೆದಿದ್ದಾರೆ ನೋಡಿದರೆ ಹೊಟ್ಟೆ ಉರಿಯುತ್ತದೆ. ಬ್ಯಾಬಿಲೋನಿನ ಮಣ್ಣಿನ ಹಲಗೆಗಳಲ್ಲಿ ಕ್ರಿ.ಪೂ. 136ರ ಏಪ್ರಿಲ್ 15ರ ಪೂರ್ಣ ಸೂರ್ಯಗ್ರಹಣ ದಾಖಲಾಗಿದೆ. ಭೂಮಿ ಅಂದಿನಿಂದ ಇಂದಿನವರೆಗೆ ಒಂದೇ ವೇಗದಲ್ಲಿ ತಿರುಗಿದ್ದರೆ ಆ ನೆರಳು ಬ್ಯಾಬಿಲೋನಿನ ಮೇಲೆ ಬೀಳಲು ಸಾಧ್ಯವೇ ಇಲ್ಲ, ಸಾವಿರಾರು ಕಿಲೋಮೀಟರ್ ಪಶ್ಚಿಮಕ್ಕೆ ಬೀಳಬೇಕಿತ್ತು. ಆದರೆ ಬಿತ್ತು, ನೋಡಿದವರು ಬರೆದಿಟ್ಟರು. ಅಂದರೆ ಭೂಮಿ ನಿಧಾನವಾಗುತ್ತಿದೆ. ಬ್ಯಾಬಿಲೋನ್, ಚೀನಾ, ಅರಬ್ ದಾಖಲೆಗಳನ್ನು ಕೂಡಿಸಿ ಇಂಗ್ಲೆಂಡಿನ ರಿಚರ್ಡ್ ಸ್ಟೀಫನ್ಸನ್ ಮತ್ತು ಸಂಗಡಿಗರು ಲೆಕ್ಕ ತೆಗೆದರು. ನೂರು ವರ್ಷಕ್ಕೆ ಒಂದು ದಿನದ ಉದ್ದ ಸುಮಾರು 1.8 ಮಿಲಿಸೆಕೆಂಡ್ ಜಾಸ್ತಿಯಾಗುತ್ತದೆ. ಯಾವನೋ ಕಾರಕೂನ ಮಣ್ಣಿನ ಮೇಲೆ ಕಡ್ಡಿಯಿಂದ ಗೀರಿದ್ದು ಇವತ್ತು ಭೂಮಿಯ ಗಡಿಯಾರ ತಿದ್ದುತ್ತದೆ.

1054ರ ಜುಲೈ 4ರಂದು ಚೀನಾದ ಆಸ್ಥಾನ ಜ್ಯೋತಿಷಿಗಳು ಆಕಾಶದಲ್ಲಿ ಹೊಸದೊಂದು ನಕ್ಷತ್ರ ಕಂಡರು. 23 ದಿನ ಹಾಡಹಗಲೇ ಕಾಣುತ್ತಿತ್ತಂತೆ. ಜಪಾನಿನಲ್ಲೂ ಬರೆದಿಟ್ಟಿದ್ದಾರೆ. ಸಿಡಿದ ಆ ನಕ್ಷತ್ರದ ಚೂರುಗಳೇ ಇವತ್ತಿನ ಕ್ರ್ಯಾಬ್ ನೆಬ್ಯುಲಾ. ನಮ್ಮಲ್ಲಿ ಆಗ ಕಲ್ಯಾಣ ಚಾಲುಕ್ಯರ ಒಂದನೇ ಸೋಮೇಶ್ವರನ ಕಾಲ, ಶಾಸನಗಳ ಸುಗ್ಗಿ. ಅಣ್ಣಿಗೇರಿಯ ಅಮೃತೇಶ್ವರ ಗುಡಿ ಎದ್ದ ಕಾಲ. ಅಷ್ಟು ದೊಡ್ಡ ಬೆಳಕು ಇಲ್ಲಿಯವರ ಕಣ್ಣಿಗೂ ಬಿದ್ದೇ ಇರಬೇಕು ಅಲ್ವಾ? ಕಾಕಾ ಓದಿದ ಒಂದು ಶಾಸನದಲ್ಲೂ ಅದರ ಸುಳಿವಿಲ್ಲ. ಕೇಳಿದರೆ ಅವರ ಉತ್ತರ ಸರಳ. "ದಾನಾ ಕೊಡಾಕ ಅಮಾಸಿ ಹುಣ್ಣಿವಿ ಬೇಕು. ಹೊಸಾ ಚುಕ್ಕಿ ಯಾಕ ಬೇಕು?"

ಅಣ್ಣಿಗೇರಿ ಎಂದ ಮೇಲೆ ಬುರುಡೆಗಳ ಮಾತು ಬಾರದೆ ಇರುತ್ತದೆಯೇ. ಹುಬ್ಬಳ್ಳಿಯಿಂದ ಗದಗಿಗೆ ಹೋಗುವ ದಾರಿಯಲ್ಲಿ ಸಿಗುವ ಊರು, ಪಂಪನ ಹೆಸರಿನ ಜೊತೆ ಕೇಳಿಬರುವ ಊರು. 2010ರಲ್ಲಿ ಅಲ್ಲಿ ಗಟಾರ ಅಗೆಯುವಾಗ ಮನುಷ್ಯರ ತಲೆಬುರುಡೆಗಳು ಸಿಕ್ಕವು. ಒಂದಲ್ಲ ಎರಡಲ್ಲ, ನೂರಾರು. ಯುದ್ಧವೇ, ಬಲಿಯೇ, ರೋಗವೇ ಎಂದು ಚಹಾದಂಗಡಿಗೊಂದು ವಾದ. ಭುವನೇಶ್ವರದ ಪ್ರಯೋಗಾಲಯಕ್ಕೆ ಮಾದರಿ ಹೋಯಿತು. ಸುಮಾರು 638 ವರ್ಷ ಹಳೆಯವು, 60 ವರ್ಷ ಆಚೀಚೆ ಎಂದು ಬಂತು. ಪೇಪರಿನಲ್ಲಿ 638 ಎಂದು ದಪ್ಪಕ್ಷರದಲ್ಲಿ ಬಂದದ್ದೇ ತಡ, ನನ್ನ ಕ್ಲಾಸಿನ ಹುಡುಗ ಕೈ ಎತ್ತಿದ. "ಮೇಡಂ, ಅಂದ್ರ 1372ರಾಗ ಸತ್ತಾರ."

ಆವತ್ತಿನ ಪಾಠ ಪೂರ್ತಿ ಅದೇ ಆಯಿತು. ಕಾರ್ಬನ್-14 ಅರ್ಧ ಆಗಲು 5730 ವರ್ಷ ಬೇಕು. ಸತ್ತ ಮೂಳೆಯಲ್ಲಿ ಎಷ್ಟು ಉಳಿದಿದೆ ನೋಡಿ ವಯಸ್ಸು ಹೇಳುವುದು. ವಿಲ್ಲರ್ಡ್ ಲಿಬ್ಬಿ ಇದಕ್ಕೆ 1960ರಲ್ಲಿ ನೊಬೆಲ್ ಪಡೆದ. ಇಷ್ಟು ಪುಸ್ತಕದಲ್ಲಿದೆ. ಪುಸ್ತಕದಲ್ಲಿ ಇಲ್ಲದ್ದು, ಈ ಲೆಕ್ಕದಲ್ಲಿ 'ಈಗ' ಎಂದರೆ 2010 ಅಲ್ಲ, 1950. ಜಗತ್ತಿನ ಎಲ್ಲ ಲ್ಯಾಬುಗಳೂ ಒಪ್ಪಿಕೊಂಡ ರೂಢಿ ಅದು. ಮೇಲೆ ಗಾಳಿಯಲ್ಲಿ ಕಾರ್ಬನ್-14 ಎಲ್ಲ ಕಾಲಕ್ಕೂ ಒಂದೇ ಸಮ ಇರಲಿಲ್ಲ, ಮರದ ಉಂಗುರ ಎಣಿಸಿ ತಿದ್ದಬೇಕು. 1650ರಿಂದ 1950ರವರೆಗಿನ ಮೂರು ಶತಮಾನವಂತೂ ಎರಿ ಹೊಲದಲ್ಲಿ ಮಳೆಗಾಲದ ದಾರಿ ಇದ್ದಂತೆ, ಕಾಲಿಟ್ಟಲ್ಲಿ ಹೂಳುತ್ತದೆ. ಒಂದೇ ಅಳತೆಗೆ ಎರಡು ಮೂರು ಬೇರೆ ಬೇರೆ ಕಾಲ ಹೊಂದಿಬಿಡುತ್ತವೆ.

ಇದನ್ನು ಕಾಕಾನಿಗೆ ಹೇಳಿದೆ. ಅವರು ಹುಟ್ಟಿದ್ದೇ 1950. "ಹಂಗಾರ ನಿಮ್ಮ ಸೈನ್ಸಿನ ಪ್ರಕಾರ ನನಗಿನ್ನೂ ಸೊನ್ನಿ ವಯಸ್ಸು. ನಿಮ್ಮ ಕಾಕೂಗೆ ಹೇಳು" ಎಂದು ನಕ್ಕರು.

ಮುಂದೆ ಇನ್ನೊಂದು ಲ್ಯಾಬಿನ ವರದಿ ಬಂದು ಬುರುಡೆಗಳ ವಯಸ್ಸನ್ನು ಬಹಳ ಈಚೆಗೆ ಎಳೆದು ತಂದಿತು, ಡೋಗಿ ಬರದ ಹತ್ತಿರಕ್ಕೆ. ಆ ಹೆಸರು ಓದಿದ ಕೂಡಲೇ ನನಗೆ ನೆನಪಾಗಿದ್ದು ನಮ್ಮ ಅಮ್ಮನ ತಾಯಿ. ನಾವು ಹುಡುಗರು ತಟ್ಟೆಗೆ ಮುಗಿಬಿದ್ದರೆ "ಡೋಗಿ ಬರದಾಗ ಹುಟ್ಟಿದೋರಂಗ ಮಾಡ್ತೀರಲ್ಲ" ಎನ್ನುತ್ತಿದ್ದಳು. ಅದು ಬೈಗುಳ ಎಂದುಕೊಂಡಿದ್ದೆ. ತಾರೀಖು ಎಂದು ಗೊತ್ತಿರಲಿಲ್ಲ. 1791-92ರ ಆ ಬರಕ್ಕೆ ಇಂಗ್ಲಿಷಿನವರು ಬುರುಡೆ ಬರ ಎಂದೇ ಬರೆದಿದ್ದಾರೆ. ಸುಡಲು ಹೂಳಲು ಜನ ಉಳಿಯದೆ ಬಯಲೆಲ್ಲ ತಲೆಬುರುಡೆ ಬಿದ್ದಿದ್ದವು ಎಂದು. ಅಜ್ಜಿಗೆ ಓದು ಬರುತ್ತಿರಲಿಲ್ಲ. ನೂರೆಂಬತ್ತು ವರ್ಷದ ಹಿಂದಿನ ಹಸಿವು ಅವಳ ಬಾಯಲ್ಲಿ ಬೈಗುಳವಾಗಿ ಉಳಿದಿತ್ತು.

ಆ ಬರದ ಕಾಲಕ್ಕೇ ಆಂಧ್ರದ ಕರಾವಳಿಯ ಸಾಮಲಕೋಟದಲ್ಲಿ ವಿಲಿಯಂ ರಾಕ್ಸ್‌ಬರ್ಗ್ ಎಂಬ ಸ್ಕಾಟ್ಲೆಂಡಿನ ವೈದ್ಯ ಇದ್ದ. ಗಿಡಮೂಲಿಕೆಯ ಹುಚ್ಚಿನವನು. ಗಾಳಿಯ ಒತ್ತಡ, ಮಳೆ, ಬಿಸಿಲು ದಿನಾ ಬರೆದಿಡುತ್ತಿದ್ದ. ವರ್ಷದ ಮೇಲೆ ವರ್ಷ ಮಳೆ ಕೈಕೊಟ್ಟಾಗ ಅವನು ಬರೀ ತನ್ನ ಕೊಳವೆ ನೋಡುತ್ತ ಕೂರಲಿಲ್ಲ. ಹಿಂದೆ ಇಂಥದ್ದು ಆಗಿತ್ತೇ ಎಂದು ಪೀಠಾಪುರದ ರಾಜಮನೆತನದ ಹಳೇ ಕಾಗದ ಪತ್ರ ವಿಚಾರಿಸಿದ. ಇನ್ನೂರು ವರ್ಷದ ಮೇಲೆ, 1998ರಲ್ಲಿ, ರಿಚರ್ಡ್ ಗ್ರೋವ್ ಎಂಬ ಪರಿಸರ ಇತಿಹಾಸಕಾರ ಅವನ ಬರಹಗಳನ್ನೂ ಬೇರೆ ಬೇರೆ ದೇಶದ ದಾಖಲೆಗಳನ್ನೂ ಜೋಡಿಸಿ, ಅದು ದೊಡ್ಡ ಎಲ್ ನಿನೋ ಎಂದು 'ನೇಚರ್' ಪತ್ರಿಕೆಯಲ್ಲಿ ಬರೆದ. ಶಾಂತಸಾಗರದ ನೀರು ಬಿಸಿಯಾದದ್ದಕ್ಕೂ ನಮ್ಮ ಧಾರವಾಡ ಸೀಮೆಯ ಜೋಳದ ಹಗೇವು ಖಾಲಿಯಾದದ್ದಕ್ಕೂ ನಂಟು. ಇತಿಹಾಸಕಾರನೊಬ್ಬ ವಿಜ್ಞಾನ ಪತ್ರಿಕೆಯಲ್ಲಿ. ಅವನು ಯಾವ ಚೌಕಕ್ಕೆ ಟಿಕ್ ಹಾಕಿದ್ದನೋ.

ಮತ್ತೆ ಆ ಕಲ್ಲಿಗೆ ಬರುತ್ತೇನೆ. ಪಡಿಯಚ್ಚನ್ನು ಗುಡಿಯ ಎದುರು ಮನೆಯ ಹೊರಸಿನ ಮೇಲೆ ಒಣಹಾಕಿದ್ದೆವು. ಮನೆಯ ಯಜಮಾನ ಅರವತ್ತರ ರೈತ, ಚಹಾ ಕೊಟ್ಟು ಎದುರು ಕೂತ. ಕಾಕಾ ಮೇರೆಗಳನ್ನು ಜೋರಾಗಿ ಓದುತ್ತಿದ್ದರು. ದಾನ ಕೊಟ್ಟ ಹೊಲಕ್ಕೆ ಮೂಡಲಿಗೆ ಹಳ್ಳ, ಬಡಗಲಿಗೆ ಹೆಬ್ಬಟ್ಟೆ, ತೆಂಕಲಿಗೆ ನೇರಿಲ ಕೆರೆ. ನೇರಿಲ ಕೆರೆ ಎಂದರೆ ಯಾವ ಊರಿರಬಹುದು ಎಂದು ಕಾಕಾ ತಲೆ ಕೆರೆದುಕೊಂಡರು. ನಕಾಶೆಯಲ್ಲಿ ಸುತ್ತ ಎಲ್ಲೂ ಆ ಹೆಸರಿನ ಊರಿಲ್ಲ.

"ಊರಲ್ರಿ ಮಾಸ್ತರ, ನೀರಲ ಕೆರಿ ಅದು" ಎಂದ ರೈತ. "ಈಗ ಕೆರಿನೂ ಇಲ್ಲ, ನೀರಲ ಗಿಡಾನೂ ಇಲ್ಲ. ತಗ್ಗು ಐತಿ. ಮಳಿ ಆದಾಗ ಎರಡ ದಿನ ನೀರ ನಿಂದರ್ತಾವ. ನಮ್ಮಪ್ಪ ಹಂಗ ಕರೀತಿದ್ದ."

ನಡೆದು ಹೋಗಿ ನೋಡಿದೆವು. ತಗ್ಗು ಇತ್ತು. ಮೂಡಲಿಗೆ ಹಳ್ಳ ಇತ್ತು. ಹೆಬ್ಬಟ್ಟೆ ಈಗ ಗಾಡಿ ದಾರಿ. ನಡುವೆ ಕರ್ರಗೆ ಎರಿ ನೆಲ, ಕಡಲಿ ಬೆಳೆ. ಕಾಕಾ ಹೊಲದ ಬದುವಿನ ಮೇಲೆ ನಿಂತು ಕಾಗದ ಬಿಚ್ಚಿ ಇನ್ನೊಮ್ಮೆ ಓದಿದರು. ಅವರ ಓದು, ನನ್ನ ತಾರೀಖು, ಆ ರೈತನ ತಗ್ಗು. ಯಾವ ಫಾರಂನಲ್ಲೂ ಆ ಮೂರನೆಯವನಿಗೆ ಚೌಕ ಇಲ್ಲ.

ಒಂದು ತಿಂಗಳಾದ ಮೇಲೆ ರೈತನ ಫೋನು. "ಅಕ್ಕಾರ, ಮಾಸ್ತರ ಅದಾರೇನ್ರಿ? ಒಂದ ಮಾತ ಕೇಳೂದಿತ್ತು." ಅದೇ ಹೊಲದ ಬದುವಿನ ಸಲುವಾಗಿ ಪಕ್ಕದವರೊಡನೆ ತಂಟೆ ನಡೆದಿದೆಯಂತೆ. ಕಲ್ಲಿನ ಮೇಲೆ ಮೇರೆ ಬರೆದಿದೆಯಲ್ಲ, ಆ ಕಾಗದ ಕೋರ್ಟಿಗೆ ಕೊಡಲು ಬರುತ್ತದೆಯೇ ಎಂದು. ಫೋನನ್ನು ಕಾಕಾನ ಕೈಗೆ ಕೊಟ್ಟೆ.

"ಕೊಡಬಹುದಪ್ಪಾ" ಎಂದರು ಕಾಕಾ. "ಆದ್ರ ಆ ಹೊಲಾ ದೇವ್ರದು ಅಂತ ಬರದಾರ. ಕಸ್ಕೊಂಡವಗ ವಾರಣಾಸ್ಯಾಗ ಸಾವಿರ ಆಕಳಾ ಕೊಂದ ಪಾಪ ಅಂತನೂ ಬರದಾರ."

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಎಲ್ಲೋ ಟ್ರ್ಯಾಕ್ಟರಿನ ಸದ್ದು ಮಾತ್ರ.

"ಹಂಗಾರ ಬ್ಯಾಡ ಬಿಡ್ರಿ ಮಾಸ್ತರ" ಎಂದ. "ಮುಂದಿನ ಯುಗಾದಿಗೆ ನಾವ ಸುಣ್ಣಾ ಹಚ್ಚತೇವಿ."